ನಮ್ಮೂರ ಸಾಲಿಗೆ ಎಷ್ಟು ವಯಸ್ಸು? ಮುಂಬಯಿ ಕರ್ನಾಟಕದ ಹಳೆಯ ಶಾಲೆಗಳ ಇತಿಹಾಸ ಹುಡುಕುವ ಬಗೆ

ಮಳೆಗಾಲದ ಒಂದು ರವಿವಾರ, ಮಾಟುಂಗದ ಚಿಕ್ಕದೊಂದು ಸಭಾಂಗಣದಲ್ಲಿ, ಧಾರವಾಡ ಸೀಮೆಯ ಒಂದೇ ಊರಿನಿಂದ ಬಂದು ಮುಂಬಯಿಯಲ್ಲಿ ನೆಲೆ ನಿಂತ ಇಪ್ಪತ್ತು ಜನ ಸೇರಿದ್ದೆವು. ಊರಿನ ಗಂಡುಮಕ್ಕಳ ಕನ್ನಡ ಶಾಲೆಯ ಶತಮಾನೋತ್ಸವಕ್ಕೆ ನಮ್ಮಿಂದ ಏನಾದೀತು ಎಂಬುದು ಅಂದಿನ ವಿಷಯ. ದೇಣಿಗೆಯ ಮಾತು ಅರ್ಧ ತಾಸಿನಲ್ಲಿ ಮುಗಿಯಿತು. ಉಳಿದ ಎರಡು ತಾಸು ಶಾಲೆಗೆ ನೂರು ವರ್ಷವಾದದ್ದು ನಿಜವೇ ಎಂಬ ವಾದಕ್ಕೆ ಹೋಯಿತು. ಬಾಗಿಲ ಕಮಾನಿನ ಮೇಲೆ ಇಸವಿ ಕೆತ್ತಿದ ಕಲ್ಲಿದೆ ಎಂದು ಒಬ್ಬರು ಹೇಳಿದರೆ, ಆ ಇಸವಿಗಿಂತ ಎಷ್ಟೋ ಮೊದಲೇ ತಮ್ಮ ಮುತ್ತಜ್ಜ ಅದೇ ಶಾಲೆಯಲ್ಲಿ ಓದಿ ತಲಾಟಿ (ಊರ ಲೆಕ್ಕಿಗ) ಆಗಿದ್ದರೆಂದು ಇನ್ನೊಬ್ಬರು ಹೇಳಿದರು. ಮುತ್ತಜ್ಜ ಕಲಿತದ್ದು ಮಠದ ಐಗಳ ಸಾಲಿಯಲ್ಲಿಯೇ ಹೊರತು ಸರಕಾರಿ ಸಾಲಿಯಲ್ಲಲ್ಲ ಎಂದು ಮೂರನೆಯವರು ತಕರಾರು ತೆಗೆದರು. ಕಡೆಗೆ ಹಿರಿಯರೊಬ್ಬರು ಬೇಸತ್ತು, "ಕಲ್ಲಿನ ಮ್ಯಾಲೆ ಕೆತ್ತಿದ್ದು ಸುಳ್ಳಂತೀರೇನ್ರೀ?" ಎಂದು ಕೇಳಿದರು.

ಕಲ್ಲು ಸುಳ್ಳು ಹೇಳುವುದಿಲ್ಲ. ಆದರೆ ನಾವು ಕೇಳುವ ಪ್ರಶ್ನೆ ಒಂದು, ಅದು ಉತ್ತರಿಸುವ ಪ್ರಶ್ನೆ ಇನ್ನೊಂದು. ಶಾಲೆ ಎಂಬ ಒಂದೇ ಶಬ್ದದಲ್ಲಿ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ಸೇರಿಸಿಬಿಡುತ್ತೇವೆ. ಊರಿನಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ವ್ಯವಸ್ಥೆ ಒಂದು. ಸರಕಾರದ ದಫ್ತರದಲ್ಲಿ ಹೆಸರು ಹತ್ತಿ, ಮಾಸ್ತರರಿಗೆ ಪಗಾರ ಬರತೊಡಗಿದ ಸಂಸ್ಥೆ ಇನ್ನೊಂದು. ನಾವು ಕುಳಿತು ಕಲಿತ ಗೋಡೆ, ಛಾವಣಿಗಳ ಕಟ್ಟಡ ಮತ್ತೊಂದು. ಈ ಮೂರಕ್ಕೂ ಹುಟ್ಟಿದ ದಿನ ಒಂದೇ ಆಗಿರುವುದು ಬಹಳ ಅಪರೂಪ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಸೀಮೆಗಳ ಹಳೆಯ ಶಾಲೆಗಳಲ್ಲಿ ಸರಕಾರಿ ದಾಖಲೆ ಮೊದಲು ಹುಟ್ಟಿ ಕಟ್ಟಡ ಹತ್ತಾರು ವರ್ಷ ತಡವಾಗಿ ಬಂದದ್ದೇ ಹೆಚ್ಚು. ಅಲ್ಲಿಯವರೆಗೆ ತರಗತಿಗಳು ಗುಡಿಯ ಪೌಳಿಯಲ್ಲಿಯೋ, ಚಾವಡಿಯಲ್ಲಿಯೋ, ಯಾರದೋ ವಾಡೆಯ ಪಡಸಾಲೆಯಲ್ಲಿಯೋ ಬಾಡಿಗೆಗೆ ನಡೆಯುತ್ತಿದ್ದವು. ಆದ್ದರಿಂದ ಕಮಾನಿನ ಮೇಲಿನ ಇಸವಿಯನ್ನು ಕಟ್ಟಡದ ಇಸವಿ ಎಂದಷ್ಟೇ ಓದಿಕೊಳ್ಳುವುದು ಕ್ಷೇಮ.

ಹಾಗಾದರೆ ಸಂಸ್ಥೆಯ ವಯಸ್ಸನ್ನು ಹುಡುಕುವುದು ಎಲ್ಲಿ? ಮುಂಬಯಿಯಲ್ಲಿರುವ ನಮಗೆ ಇದರಲ್ಲಿ ಒಂದು ಅನುಕೂಲವಿದೆ. ಊರಿನಲ್ಲಿರುವವರಿಗೆ ಇದು ಸಾಮಾನ್ಯವಾಗಿ ಹೊಳೆಯುವುದಿಲ್ಲ. 1818ರಲ್ಲಿ ಪೇಶವೆಯರ ಆಳಿಕೆ ಮುಗಿದ ಮೇಲೆ ಬ್ರಿಟಿಷರು ಧಾರವಾಡ ಸೀಮೆಯನ್ನು 'ದಕ್ಷಿಣ ಮರಾಠಾ ದೇಶ' ಎಂದು ಕರೆದು ಮುಂಬಯಿ ಇಲಾಖೆಗೆ, ಅಂದರೆ ಮುಂಬಯಿ ಪ್ರಾಂತಕ್ಕೆ, ಸೇರಿಸಿಕೊಂಡರು. 1836ರಲ್ಲಿ ಬೆಳಗಾವಿ ಪ್ರತ್ಯೇಕ ಜಿಲ್ಲೆಯಾಯಿತು; ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಬಂತು; 1956ರ ನವೆಂಬರ್ 1ರಂದು ಈ ಸೀಮೆಯೆಲ್ಲ ಮೈಸೂರು ರಾಜ್ಯಕ್ಕೆ ಸೇರಿತು. ಅಂದರೆ ಸುಮಾರು 140 ವರ್ಷಗಳ ಕಾಲ, ಧಾರವಾಡ ಜಿಲ್ಲೆಯ ಮೂಲೆಯ ಒಂದು ಪೇಟೆಯಲ್ಲಿ ಶಾಲೆ ತೆರೆಯಬೇಕೇ ಬೇಡವೇ ಎಂಬ ಕಾಗದ ಅಂತಿಮವಾಗಿ ಬಂದು ಸೇರುತ್ತಿದ್ದುದು ಮುಂಬಯಿಯ ಸೆಕ್ರೆಟರಿಯೇಟಿಗೆ ಇಲ್ಲವೇ ಪುಣೆಯಲ್ಲಿದ್ದ ಶಿಕ್ಷಣ ನಿರ್ದೇಶಕರ ಕಚೇರಿಗೆ. ಕಾಳಾಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪುರಾಭಿಲೇಖಾಗಾರದಲ್ಲಿ ಆ ಹಳೆಯ ದಫ್ತರ ಇಂದಿಗೂ ಇದೆ. ಚರ್ಚ್‌ಗೇಟ್ ಸ್ಟೇಶನ್ನಿನಿಂದ ಇಪ್ಪತ್ತು ನಿಮಿಷ ನಡೆದರೆ ನಮ್ಮೂರ ಸಾಲಿಯ ಜಾತಕ ಇರುವ ಮನೆ ಸಿಕ್ಕುತ್ತದೆ ಎಂಬುದು, ಮೂವತ್ತು ವರ್ಷ ಅದೇ ರಸ್ತೆಯಲ್ಲಿ ಆಫೀಸಿಗೆ ಹೋಗಿಬಂದ ನನಗೆ ನಿವೃತ್ತಿಯಾಗುವವರೆಗೂ ತಿಳಿದಿರಲಿಲ್ಲ.

ಹುಡುಕುವ ಮೊದಲು ಏನನ್ನು ಹುಡುಕುತ್ತಿದ್ದೇವೆ ಎಂಬುದು ಸ್ಪಷ್ಟವಿರಬೇಕು. ಅದಕ್ಕೆ ನಾನು ಕಂಡುಕೊಂಡ ಸರಳ ದಾರಿ ಒಂದೇ: ಆಯಾ ಕಾಲದಲ್ಲಿ ಶಾಲೆಯ ಖರ್ಚನ್ನು ಯಾರು ಕೊಡುತ್ತಿದ್ದರು ಎಂದು ಕೇಳುವುದು. ದುಡ್ಡು ಕೊಟ್ಟವರು ಲೆಕ್ಕ ಕೇಳಿಯೇ ಕೇಳುತ್ತಾರೆ. ಲೆಕ್ಕ ಕೇಳಿದಲ್ಲಿ ಕಾಗದ ಹುಟ್ಟುತ್ತದೆ. ಆ ಕಾಗದ ದುಡ್ಡು ಕೊಟ್ಟವರ ಮನೆಯಲ್ಲಿಯೇ ಉಳಿಯುತ್ತದೆ.

ಮೊದಲನೆಯ ಘಟ್ಟದಲ್ಲಿ ಖರ್ಚು ಕೊಟ್ಟವರು ಊರವರೇ. ಐಗಳು, ಪಂತೋಜಿಗಳು ನಡೆಸುತ್ತಿದ್ದ 'ಗಾಂವಠಿ ಸಾಲಿ'ಗಳಲ್ಲಿ ಮಕ್ಕಳು ಉಸುಕಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಸ್ವಲ್ಪ ಮುಂದುವರಿದವರಿಗೆ ಕಡತ, ಅಂದರೆ ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಲಿಯ ಪುಡಿಯನ್ನು ಬಳಿದು ಒಣಗಿಸಿ ಮಡಿಕೆ ಮಾಡಿದ ಕಪ್ಪು ಹೊತ್ತಗೆ; ಅದರ ಮೇಲೆ ಬಳಪದಿಂದ ಬರೆದು ಒರೆಸುವುದು. ಪಾವು, ಅರೆ, ಮುಕ್ಕಾಲುಗಳ ಮಗ್ಗಿಗಳನ್ನು ಬಾಯಿಪಾಠ ಮಾಡಿದ ಹುಡುಗ ಪೇಟೆಯಲ್ಲಿ ಲೆಕ್ಕ ಬರೆಯಲು ತಯಾರಾಗುತ್ತಿದ್ದ. ಐಗಳಿಗೆ ಸಿಗುತ್ತಿದ್ದುದು ಕಾಳು, ಕಾಣಿಕೆ, ಹಬ್ಬದ ದಕ್ಷಿಣೆ. ಆದ್ದರಿಂದ ಲೆಕ್ಕಪತ್ರ ಹುಟ್ಟಲಿಲ್ಲ. ನಮ್ಮಲ್ಲಿ ಸಾಲಿಮಠ ಎಂಬ ಅಡ್ಡಹೆಸರಿನ ಮನೆತನಗಳು ಇಂದಿಗೂ ಇವೆಯಲ್ಲ, ಎಷ್ಟೋ ಊರುಗಳಲ್ಲಿ ಆ ಕಾಲದ ಶಾಲೆಗೆ ಉಳಿದ ದಾಖಲೆ ಅದೊಂದೇ. ಮುಂಬಯಿ ಸರಕಾರ 1820ರ ದಶಕದಲ್ಲಿ ಕಲೆಕ್ಟರರಿಂದ ಇಂಥ ಶಾಲೆಗಳ ಮಾಹಿತಿಯನ್ನು ತರಿಸಿಕೊಂಡಿತ್ತು. ಆ ಕಾಗದಗಳನ್ನು ಆರ್. ವಿ. ಪಾರುಳೇಕರ ಅವರು ಮುಂದೆ ಸಂಪಾದಿಸಿ ಪ್ರಕಟಿಸಿದರು. ಊರಿನ ಹೆಸರೇ ಅದರಲ್ಲಿ ಸಿಕ್ಕರೆ ಅದೃಷ್ಟ.

ಎರಡನೆಯ ಘಟ್ಟ ಸರಕಾರದ ಖಜಾನೆಯದು. ಗವರ್ನರ್ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ನನ ಕಾಲದಲ್ಲಿ ದೇಶಭಾಷೆಯ ಶಾಲೆಗಳ ವಿಚಾರ ಮೊಳೆಯಿತು, 1840ರಲ್ಲಿ ಶಿಕ್ಷಣ ಮಂಡಳಿ ಬಂತು, 1854ರ ವುಡ್ ಖಲೀತೆಯ (ಲಂಡನ್ನಿನಿಂದ ಬಂದ ಶಿಕ್ಷಣ ನೀತಿಪತ್ರದ) ಫಲವಾಗಿ 1855ರಲ್ಲಿ ಶಿಕ್ಷಣ ಇಲಾಖೆಯೇ ಸ್ಥಾಪನೆಯಾಯಿತು. ಈ ಅವಧಿಯ ಕಾಗದಗಳನ್ನು ಓದುವ ಕನ್ನಡಿಗನಿಗೆ ಒಂದು ಆಘಾತ ಕಾದಿರುತ್ತದೆ. ಕನ್ನಡದ ಊರಿನ ನಡುವೆ ತೆರೆದ ಸರಕಾರಿ ಶಾಲೆಯಲ್ಲಿ ಕಲಿಸುತ್ತಿದ್ದುದು ಮರಾಠಿ. ಪೇಶವೆಯರ ಕಾಲದಿಂದ ಕಚೇರಿಯ ಬರವಣಿಗೆ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ನಡೆದಿತ್ತು. ಕಾರಕೂನಿಕೆ ಸಿಗಬೇಕಾದರೆ ಮೋಡಿ ಬರಬೇಕು. ಹೀಗಾಗಿ ಶಾಲೆಗೆ ಮಕ್ಕಳನ್ನು ಕಳಿಸುವ ಮನೆಗಳೂ ಅದನ್ನೇ ಬಯಸುತ್ತಿದ್ದವು. 'ದಕ್ಷಿಣ ಮರಾಠಾ ದೇಶ' ಎಂಬ ಹೆಸರನ್ನು ಓದಿದ ಮೇಲಧಿಕಾರಿಗಳಿಗೆ ಅಲ್ಲಿನ ಜನ ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ ಎಂಬ ಸಂಶಯ ಬರುವ ಕಾರಣವೇ ಇರಲಿಲ್ಲ.

ಇದನ್ನು ಬದಲಿಸಿದವರಲ್ಲಿ ಎರಡು ಹೆಸರುಗಳನ್ನು ನೆನೆಯಲೇಬೇಕು. ಶಿಕ್ಷಣ ಇಲಾಖೆಯ ದಕ್ಷಿಣ ವಿಭಾಗದ ಇನ್‌ಸ್ಪೆಕ್ಟರನಾಗಿದ್ದ ಡಬ್ಲ್ಯು. ಎ. ರಸೆಲ್ ಒಬ್ಬ. ಅವನ ಕೈಕೆಳಗೆ ಡೆಪ್ಯೂಟಿ ಇನ್‌ಸ್ಪೆಕ್ಟರರಾಗಿದ್ದು, ಆ ಹುದ್ದೆಯ ಹೆಸರನ್ನೇ ಬಿರುದಿನಂತೆ ಪಡೆದ ಡೆಪ್ಯೂಟಿ ಚನ್ನಬಸಪ್ಪನವರು ಇನ್ನೊಬ್ಬರು. ಚನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಶಾಲೆ ತೆರೆಯಿಸಿದರು, ಇದ್ದ ಮರಾಠಿ ಶಾಲೆಗಳನ್ನು ಕನ್ನಡಕ್ಕೆ ತಿರುಗಿಸಿದರು, ಮಾಸ್ತರರನ್ನು ತಯಾರಿಸುವ ಧಾರವಾಡದ ನಾರ್ಮಲ್ ಸ್ಕೂಲನ್ನು ನಡೆಸಿದರು. ಶಿಕ್ಷಕರಿಗಾಗಿ 1865ರಲ್ಲಿ ಹೊರಟ 'ಮಠಪತ್ರಿಕೆ'ಯೇ ಮುಂದೆ ಹೆಸರು ಬದಲಿಸುತ್ತ 'ಜೀವನ ಶಿಕ್ಷಣ'ವಾಗಿ ಬೆಳೆಯಿತು. ಶಾಲೆಗೆ ಆಗ 'ಮಠ' ಎಂಬ ಮಾತು ಎಷ್ಟು ಸಹಜವಾಗಿತ್ತು ಎಂಬುದಕ್ಕೆ ಆ ಹೆಸರೇ ಸಾಕ್ಷಿ.

ಶಾಲೆಯ ವಯಸ್ಸಿನ ಲೆಕ್ಕಕ್ಕೆ ಇದರಿಂದ ಬರುವ ತೊಡಕನ್ನು ಗಮನಿಸಬೇಕು. ಇಲಾಖೆಯ ವರದಿಯಲ್ಲಿ 'ಕನ್ನಡ ಶಾಲೆ' ಎಂದು ನಿಮ್ಮೂರಿನ ಹೆಸರು ಮೊದಲ ಬಾರಿ ಕಾಣಿಸಿದ ವರ್ಷವೇ ಶಾಲೆ ಹುಟ್ಟಿದ ವರ್ಷ ಎಂದುಕೊಂಡರೆ ತಪ್ಪಾಗಬಹುದು. ಅದಕ್ಕೂ ಮೊದಲು ಅದೇ ಶಾಲೆ, ಅದೇ ಮಾಸ್ತರರೊಂದಿಗೆ, ಮರಾಠಿ ಶಾಲೆಗಳ ಯಾದಿಯಲ್ಲಿ ಇದ್ದಿರಬಹುದು. ನಮ್ಮ ಸಭೆಯಲ್ಲಿ ಈ ಮಾತನ್ನು ಹೇಳಿದಾಗ ಇಬ್ಬರು ಮುಖ ಗಂಟಿಕ್ಕಿದರು. ಭಾಷೆಯ ಅಭಿಮಾನವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮರಾಠಿ ಯಾದಿಯನ್ನು ತೆರೆಯದೆ ಕನ್ನಡ ಶಾಲೆಯ ಚರಿತ್ರೆ ಬರೆಯಲು ಹೊರಟರೆ ನಮ್ಮ ಶಾಲೆಯ ಹತ್ತಿಪ್ಪತ್ತು ವರ್ಷಗಳನ್ನು ನಾವೇ ಕಳೆದುಕೊಳ್ಳುತ್ತೇವೆ.

ಮೂರನೆಯ ಘಟ್ಟ ಒಂದು ಆಣೆಯದು. ಸಣ್ಣ ಪೇಟೆಗಳ ಬಹುಪಾಲು ಶಾಲೆಗಳು ಹುಟ್ಟಿದ್ದು, ಅಥವಾ ಗಟ್ಟಿಯಾಗಿ ನೆಲೆಯೂರಿದ್ದು, ಈ ಕಾಲದಲ್ಲಿ. 1863ರಿಂದ ಮುಂಬಯಿ ಇಲಾಖೆಯಲ್ಲಿ ಭೂಕಂದಾಯದ ಪ್ರತಿ ರೂಪಾಯಿಯ ಮೇಲೆ ಒಂದು ಆಣೆ 'ಲೋಕಲ್ ಫಂಡ್' ಪಟ್ಟಿಯನ್ನು, ಅಂದರೆ ಹೆಚ್ಚುವರಿ ಕರವನ್ನು, ಎತ್ತತೊಡಗಿದರು. 1869ರಲ್ಲಿ ಅದಕ್ಕೆ ಕಾಯ್ದೆಯ ಬಲ ಬಂತು. ಬಂದ ಹಣದಲ್ಲಿ ಮೂರರಲ್ಲಿ ಎರಡು ಪಾಲು ರಸ್ತೆ, ಬಾವಿ, ಧರ್ಮಶಾಲೆಗಳಿಗೆ, ಒಂದು ಪಾಲು ಶಾಲೆಗಳಿಗೆ. ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡಬಹುದು. ಒಂದು ಊರಿನ ಭೂಕಂದಾಯ 4,800 ರೂಪಾಯಿ ಎಂದಿಟ್ಟುಕೊಂಡರೆ, ರೂಪಾಯಿಗೆ ಹದಿನಾರು ಆಣೆಯಂತೆ ಪಟ್ಟಿಯ ಹಣ 300 ರೂಪಾಯಿ, ಅದರಲ್ಲಿ ಶಾಲೆಯ ಪಾಲು 100 ರೂಪಾಯಿ. ಆದರೆ ಆ ನೂರು ರೂಪಾಯಿ ಆ ಊರಿಗೇ ಮರಳುತ್ತಿರಲಿಲ್ಲ. ಜಿಲ್ಲೆಯ ಗಂಟಿಗೆ ಸೇರಿ, ಅಲ್ಲಿಂದ ಹಂಚಿಕೆಯಾಗುತ್ತಿತ್ತು. ಪಟ್ಟಿ ಕೊಡುವವರು ಹಳ್ಳಿಯ ಒಕ್ಕಲಿಗರು, ಶಾಲೆ ಸಿಕ್ಕುವುದು ಪೇಟೆಯ ಮಕ್ಕಳಿಗೆ ಎಂಬ ದೂರು ಆಗಲೇ ಎದ್ದಿತ್ತು. ಅದು ನ್ಯಾಯವಾದ ದೂರು. ನಮ್ಮ ಪೇಟೆಯ ಶಾಲೆಯ ಹಿರಿಮೆಯನ್ನು ಹಾಡುವಾಗ, ಅದರ ಖರ್ಚಿನ ಒಂದು ಭಾಗವನ್ನು ಸುತ್ತಲಿನ ಜೋಳದ ಹೊಲಗಳು ಹೊತ್ತವೆಂಬುದನ್ನು ಸ್ಮರಣ ಸಂಚಿಕೆಯಲ್ಲಿ ಒಂದು ಸಾಲಾದರೂ ಬರೆಯಬೇಕೆಂದು ನಾನು ಸಮಿತಿಗೆ ಹೇಳಿದ್ದೇನೆ.

ಪಟ್ಟಿಯ ಹಣ ಬಂದ ಮೇಲೆ ಕಟ್ಟಡದ ಮಾತು ಬಂತು. ನಮ್ಮ ಕಡೆಯ ಹಳೆಯ ಶಾಲೆಗಳು ಎಷ್ಟೋ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತವೆ: ಉದ್ದನೆಯ ಒಂದು ಕೋಣೆ, ಮುಂದೆ ಕಂಬಗಳ ಪಡಸಾಲೆ, ಎತ್ತರದ ಕಿಟಕಿ, ಇಳಿಜಾರು ಛಾವಣಿ. ಹಣ ಮಂಜೂರು ಮಾಡುವವರು ನಕಾಶೆಯನ್ನೂ ಮಂಜೂರು ಮಾಡುತ್ತಿದ್ದರಾದ್ದರಿಂದ ಈ ಸಾಮ್ಯ. ಛಾವಣಿಯ ಹೆಂಚಿನ ಮೇಲೆ ಬಾಸೆಲ್ ಮಿಶನ್ನಿನ ಮುದ್ರೆ ಕಂಡರೆ ಸಂತೋಷಪಡಬೇಕು, ಆದರೆ ಮೋಸ ಹೋಗಬಾರದು. ಮಂಗಳೂರಿನಲ್ಲಿ ಆ ಮಿಶನ್ನಿನ ಹೆಂಚಿನ ಕಾರಖಾನೆ ಆರಂಭವಾದದ್ದು 1865ರಲ್ಲಿ. ಆದ್ದರಿಂದ ಆ ಹೆಂಚು ಛಾವಣಿಗೆ ಏರಿದ್ದು ಅದಕ್ಕಿಂತ ಈಚೆಗೆ ಎಂಬುದಷ್ಟೇ ಖಂಡಿತ. ಗೋಡೆ ಅದಕ್ಕಿಂತ ಹಳೆಯದಿರಬಹುದು, ಮೊದಲು ಮಣ್ಣಿನ ಮಾಳಿಗೆ ಇದ್ದು ಸೋರಿದ ಮೇಲೆ ಹೆಂಚು ಹಾಕಿರಬಹುದು. ಇಲ್ಲವೇ ಬೇರೆ ಕಟ್ಟಡ ಕೆಡವಿದಾಗ ಉಳಿದ ಹೆಂಚನ್ನು ಇಲ್ಲಿಗೆ ತಂದಿರಬಹುದು.

ಆ ಪಡಸಾಲೆಯ ಬಗ್ಗೆ ಇನ್ನೂ ಒಂದು ಮಾತಿದೆ. ಸ್ಮರಣ ಸಂಚಿಕೆಗಳಲ್ಲಿ ಅದು ಬರುವುದೇ ಇಲ್ಲ. ಒಳಗೆ ಕೂರುವ ಮಕ್ಕಳು ಬೇರೆ, ಪಡಸಾಲೆಯಲ್ಲಿ ಕುಳಿತು ಕಿಟಕಿಯಿಂದ ಪಾಠ ಕೇಳಬೇಕಾದ ಮಕ್ಕಳು ಬೇರೆ ಎಂಬ ಕಾಲ ಇತ್ತು. ಅದಕ್ಕೂ ಮೊದಲು ಪಡಸಾಲೆಯೂ ಇರಲಿಲ್ಲ. 1856ರಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿರೆಂದು ಮಹಾರ ಜಾತಿಯ ಒಬ್ಬ ಹುಡುಗ ಅರ್ಜಿ ಹಾಕಿದ, ಅವನನ್ನು ಸೇರಿಸಿಕೊಳ್ಳಲಿಲ್ಲ. ಅರ್ಜಿ ಮುಂಬಯಿ ಸರಕಾರದವರೆಗೆ ಬಂತು. ಒಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟಾರೆಂಬ ಅಂಜಿಕೆಯಿಂದ ಸರಕಾರ ಅವನ ಪರವಾಗಿ ಆಜ್ಞೆ ಮಾಡಲು ಹಿಂಜರಿಯಿತು. ಕಲಕತ್ತೆಯಲ್ಲಿದ್ದ ಭಾರತ ಸರಕಾರ ಇದಕ್ಕೆ ಆಕ್ಷೇಪ ಎತ್ತಿತು, ವಿಷಯ ಲಂಡನ್ನಿಗೆ ಹೋಯಿತು, 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದು ತಿಳಿಸಿದರು. ಕಾಗದದ ಮೇಲೆ ತೆರೆದ ಬಾಗಿಲು ನಿಜವಾಗಿ ತೆರೆಯಲು ಎರಡು ಮೂರು ತಲೆಮಾರು ಹಿಡಿಯಿತು. ಸೀ. ಕೆ. ಬೋಳೆ ಅವರು ಮಂಡಿಸಿ ಮುಂಬಯಿ ಶಾಸನಸಭೆ 1923ರಲ್ಲಿ ಒಪ್ಪಿದ ಠರಾವಿನಲ್ಲಿ, ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆದಿರಬೇಕಾದ ಜಾಗಗಳೆಂದು ಕೆರೆ ಬಾವಿಗಳ ಜೊತೆಗೆ ಸಾರ್ವಜನಿಕ ಶಾಲೆಗಳ ಹೆಸರನ್ನೂ ಮತ್ತೆ ಹೇಳಬೇಕಾಗಿ ಬಂತೆಂದರೆ, ಮೊದಲಿನ ಆಜ್ಞೆ ಎಷ್ಟು ನಡೆದಿತ್ತೆಂಬುದು ತಿಳಿಯುತ್ತದೆ. ಊರಿನ ಶಾಲೆಯ ಇತಿಹಾಸ ಬರೆಯುವವರು 'ಮೊದಲ ವಿದ್ಯಾರ್ಥಿ ಯಾರು' ಎಂದು ಹುಡುಕುವ ಶ್ರಮದಲ್ಲಿ ಅರ್ಧವನ್ನಾದರೂ, ಯಾವ ಕೇರಿಯ ಹುಡುಗ ಯಾವ ವರ್ಷ ಮೊದಲ ಬಾರಿ ಒಳಗೆ ಕುಳಿತ ಎಂಬುದಕ್ಕೆ ಕೊಟ್ಟರೆ ಅದು ಹೆಚ್ಚು ಬೆಲೆಯುಳ್ಳ ಇತಿಹಾಸವಾದೀತು. ಹೆಣ್ಣುಮಕ್ಕಳ ಶಾಲೆ ಬಹುತೇಕ ಊರುಗಳಲ್ಲಿ ಬೇರೆಯೇ ಸಂಸ್ಥೆ, ಬೇರೆಯೇ ದಾಖಲೆ. ಅದನ್ನು ಪ್ರತ್ಯೇಕವಾಗಿಯೇ ಹುಡುಕಬೇಕು.

ಇದಕ್ಕೆಲ್ಲ ಉತ್ತರ ಸಿಕ್ಕುವ ಜಾಗ ಶಾಲೆಯ ಜನರಲ್ ರಜಿಸ್ಟರು. ಮುಂಬಯಿ ಕರ್ನಾಟಕದ ಶಾಲೆಗಳಲ್ಲಿ ಹೆಡ್ಮಾಸ್ತರರ ಕೋಣೆಯ ಕಬ್ಬಿಣದ ಕಪಾಟಿನಲ್ಲಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿರುವ ಆ ದಪ್ಪ ಪುಸ್ತಕವನ್ನು ತೆರೆದರೆ ಎಡದಿಂದ ಬಲಕ್ಕೆ ಅನುಕ್ರಮ ನಂಬರು, ಹುಡುಗನ ಹೆಸರು, ಜಾತಿ, ಹುಟ್ಟಿದ ತಾರೀಖು, ಹಿಂದಿನ ಶಾಲೆ, ಸೇರಿದ ದಿನ, ಸೇರಿದ ಇಯತ್ತೆ (ತರಗತಿ), ಬಿಟ್ಟ ದಿನ, ಬಿಟ್ಟ ಕಾರಣ, ಕೊನೆಗೆ ಶೇರಾ (ಟಿಪ್ಪಣಿ) ಎಂಬ ಮನೆಗಳು ಕಾಣುತ್ತವೆ. ಹುಟ್ಟಿದ ತಾರೀಖಿನ ಮನೆಯಲ್ಲಿ ಒಂದರ ಕೆಳಗೊಂದು ಜೂನ್ 1, ಜೂನ್ 1 ಎಂದು ಇಳಿದುಕೊಂಡು ಬಂದಿರುವುದನ್ನು ನೋಡಿ ಯಾರೂ ಬೆರಗಾಗುವುದಿಲ್ಲ. ಶಾಲೆ ಶುರುವಾಗುವ ತಿಂಗಳಿಗೆ ವಯಸ್ಸು ಹೊಂದುವಂತೆ ಮಾಸ್ತರರು ಬರೆದುಕೊಂಡದ್ದು ಅದು. ಈ ಲೇಖನ ಬರೆಯುತ್ತಿರುವವನ ಹುಟ್ಟುಹಬ್ಬವೂ ಸರಕಾರದ ಪ್ರಕಾರ ಅಂದೇ.

ವಯಸ್ಸು ನಿರ್ಣಯಿಸಲು ನೋಡಬೇಕಾದುದು ಮೊದಲ ಹಾಳೆಯ ಮೊದಲ ನಂಬರು. ಅದು ಒಂದರಿಂದ ಆರಂಭವಾಗಿದ್ದರೆ ಒಂದು ಮಾತು. ಏಳುನೂರು ಚಿಲ್ಲರೆಯಿಂದ ಆರಂಭವಾಗಿದ್ದರೆ ಇದಕ್ಕಿಂತ ಹಿಂದಿನ ಪುಸ್ತಕ ಗೆದ್ದಲಿಗೋ ಮಳೆಗೋ ಹೋಗಿದೆ ಎಂದರ್ಥ. ಆಗ ವರ್ಷಕ್ಕೆ ಸರಾಸರಿ ಎಷ್ಟು ಹುಡುಗರು ಸೇರುತ್ತಿದ್ದರೆಂದು ಮುಂದಿನ ಹಾಳೆಗಳಿಂದ ತೆಗೆದು, ಏಳುನೂರನ್ನು ಅದರಿಂದ ಭಾಗಿಸಿದರೆ, ಕಳೆದುಹೋದ ಪುಸ್ತಕ ಎಷ್ಟು ವರ್ಷದ್ದೆಂಬ ಅಂದಾಜು ಸಿಕ್ಕುತ್ತದೆ. ಅಂದಾಜು ಮಾತ್ರ, ಹೊಸ ರಜಿಸ್ಟರು ಹಾಕುವಾಗ ನಂಬರನ್ನು ಮತ್ತೆ ಒಂದರಿಂದ ತೆಗೆದವರೂ ಇದ್ದಾರೆ. ಇನ್ನು ಶಾಲೆ ಸೇರಿದವರ ಸಂಖ್ಯೆ ಒಮ್ಮೆಲೇ ಕುಸಿದ ಕಡೆ ಹೊರಗಿನ ಇತಿಹಾಸವನ್ನು ನೆನೆಯಬೇಕು. 1876ರಿಂದ 1878ರವರೆಗಿನ ದೊಡ್ಡ ಬರ ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಬಡಿದಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿಯನ್ನು ಹಿಡಿದಿತ್ತು; ಜನ ಮನೆ ಬಿಟ್ಟು ಹೊಲದ ಗುಡಿಸಲಿಗೆ ಹೋದರೆ ಶಾಲೆಗೆ ಬರುವವರಾರು? 1918ರ ಇನ್‌ಫ್ಲುಯೆಂಝಾ ಹಾಳೆಗಳೂ ಹಾಗೆಯೇ. 'ಬಿಟ್ಟ ಕಾರಣ'ದ ಮನೆಯಲ್ಲಿ 'ಮಯತ', ಅಂದರೆ ತೀರಿಕೊಂಡ, ಎಂಬ ಮೂರು ಅಕ್ಷರದ ಶಬ್ದ ಕಂಡಾಗ ಹಾಳೆ ತಿರುಗಿಸುವ ಕೈ ತಾನಾಗಿಯೇ ನಿಧಾನವಾಗುತ್ತದೆ.

ಹಳೆಯ ಕಾಗದಗಳ ಇಸವಿಯ ಬಗ್ಗೆ ಎಚ್ಚರ ಬೇಕು. ನಮ್ಮ ಸಮಿತಿಯವರಿಗೆ ಊರಿನಿಂದ ಬಂದ ಒಂದು ಫೋಟೋದಲ್ಲಿ, ಶಾಲೆಗೆ ಜಾಗ ಬಿಟ್ಟುಕೊಟ್ಟ ಪತ್ರದ ಮೇಲೆ ಹನ್ನೆರಡುನೂರರ ಲೆಕ್ಕದ ಒಂದು ಸಂಖ್ಯೆ ಇತ್ತು. ಶಾಲೆ ಚಾಲುಕ್ಯರ ಕಾಲದ್ದು ಎಂದು ಗೆಳೆಯರೊಬ್ಬರು ನಗೆಯಾಡಿದರು. ಅದು ಫಸಲಿ, ಅಂದರೆ ಕಂದಾಯದ ವರ್ಷ. ಮುಂಬಯಿ ದಖ್ಖನದ ಫಸಲಿಗೆ 590 ಕೂಡಿಸಿದರೆ ಇಂಗ್ಲಿಷ್ ಇಸವಿ ಬರುತ್ತದೆ: ಫಸಲಿ 1290 ಎಂದರೆ 1880-81. ಶಾಲಿವಾಹನ ಶಕೆಗಾದರೆ 78 ಕೂಡಿಸಬೇಕು: ಶಕೆ 1802 ಎಂದರೂ ಹೆಚ್ಚೂ ಕಡಿಮೆ ಅದೇ ವರ್ಷ. ಎರಡೂ ವರ್ಷಗಳು ಜನವರಿಯಲ್ಲಿ ಆರಂಭವಾಗುವುದಿಲ್ಲವಾದ್ದರಿಂದ ತಿಂಗಳು ತಿಳಿಯದೆ ಒಂದೇ ಇಸವಿಯನ್ನು ಗಟ್ಟಿಯಾಗಿ ಹೇಳಬಾರದು. ಇಂಥ ಪತ್ರ ಮೋಡಿಯಲ್ಲಿದ್ದರೆ ಓದಲು ಪುಣೆಯ ದಾರಿ ಹಿಡಿಯುವುದು ಒಳ್ಳೆಯದು. ಪೇಶವೆ ದಫ್ತರ ಇರುವ ಊರಾದ್ದರಿಂದ ಮೋಡಿ ಬಲ್ಲವರು ಅಲ್ಲಿ ಇನ್ನೂ ಸಿಕ್ಕುತ್ತಾರೆ. ಶಾಲೆಯ ಜಾಗ ಹಿಂದೆ ಇನಾಮು ಭೂಮಿಯಾಗಿದ್ದರೆ ಅದರ ಮೂಲವೂ ಅದೇ ದಫ್ತರದಲ್ಲಿ ಇರಬಹುದು.

ನಂತರದ ಘಟ್ಟಗಳನ್ನು ಬೇಗ ದಾಟಬಹುದು. 1884ರ ಕಾಯ್ದೆಗಳಿಂದ ಲೋಕಲ್ ಬೋರ್ಡುಗಳೂ ಮುನಸಿಪಾಲಿಟಿಗಳೂ ಶಾಲೆಯ ಖರ್ಚಿನಲ್ಲಿ ಪಾಲುದಾರರಾದವು. ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಬಂದ 1918ರ ಕಾಯ್ದೆ ಮುನಸಿಪಾಲಿಟಿಗಳಿಗೆ ಕಡ್ಡಾಯ ಶಿಕ್ಷಣ ಜಾರಿ ಮಾಡುವ ಅಧಿಕಾರ ಕೊಟ್ಟಿತು. 1923ರ ಕಾಯ್ದೆ ಪ್ರಾಥಮಿಕ ಶಾಲೆಗಳ ಆಡಳಿತವನ್ನು ಸ್ಥಳೀಯ ಸಂಸ್ಥೆಗಳ ಸ್ಕೂಲ್ ಬೋರ್ಡುಗಳಿಗೆ ಒಪ್ಪಿಸಿತು. ಅಲ್ಲಿಂದ ಜನರ ಬಾಯಲ್ಲಿ ಅದು 'ಬೋರ್ಡಿನ ಸಾಲಿ'ಯಾಯಿತು. 1937ರಲ್ಲಿ ಬಿ. ಜಿ. ಖೇರ ಅವರ ಮಂತ್ರಿಮಂಡಲ ಬಂದ ಮೇಲೆ ಮೂಲೋದ್ಯೋಗ ಶಿಕ್ಷಣದ ಪ್ರಯೋಗ ಶುರುವಾಗಿ ಕೆಲವು ಶಾಲೆಗಳಿಗೆ ತಕಲಿ (ನೂಲು ತೆಗೆಯುವ ಕದಿರು) ಬಂತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿದವನಿಗೆ ಮಾಸ್ತರಿಕೆಯ, ತಲಾಟಿಕೆಯ ಬಾಗಿಲು ತೆರೆಯುತ್ತಿದ್ದ ಕಾಲ ಅದು. 'ಮುಲ್ಕಿ ಪಾಸು' ಎಂಬುದು ಲಗ್ನದ ಮಾತುಕತೆಯಲ್ಲಿ ತೂಕವುಳ್ಳ ಮಾತಾಗಿತ್ತು. 1947ರ ಕಾಯ್ದೆ ಇಡೀ ವ್ಯವಸ್ಥೆಯನ್ನು ಮತ್ತೆ ಬದಲಿಸಿ ಬರೆಯಿತು. ಪ್ರತಿ ಬದಲಾವಣೆಯಲ್ಲೂ ಶಾಲೆಯ ಶಿಕ್ಕೆ (ಮೊಹರು), ಕಾಗದದ ತಲೆಬರಹ, ಹಲವೊಮ್ಮೆ ಹೆಸರೇ ಬದಲಾದವು. 'ನಂಬರ್ 1 ಶಾಲೆ' ಎಂಬ ಹೆಸರು ಊರಿನಲ್ಲಿ ಎರಡನೆಯ ಶಾಲೆ ಹುಟ್ಟಿದ ಮೇಲೆ ಬಂದದ್ದು ಎಂಬುದನ್ನು ಯೋಚಿಸಿದರೆ, ಹೆಸರಿನ ಹಿಂದೆ ಬಿದ್ದು ಹುಡುಕುವವರು ಏಕೆ ದಾರಿ ತಪ್ಪುತ್ತಾರೆಂಬುದು ಗೊತ್ತಾಗುತ್ತದೆ.

ಎಲ್ಲ ಊರುಗಳಿಗೂ ಈ ದಾರಿ ಅನ್ವಯಿಸುವುದಿಲ್ಲ. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಲಕ್ಷ್ಮೇಶ್ವರ ಮಿರಜಕ್ಕೆ. ಜಮಖಂಡಿ, ಮುಧೋಳ, ರಾಮದುರ್ಗಗಳು ತಾವೇ ಸಂಸ್ಥಾನಗಳಾಗಿದ್ದವು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಅಲ್ಲಿಯ ಶಾಲೆಗಳಿಗೆ ಹಣ ಕೊಟ್ಟವರು ಸಂಸ್ಥಾನಿಕರು. ಕಾಳಾಘೋಡಾದಲ್ಲಿ ಅವುಗಳ ಸುದ್ದಿ ಸಿಕ್ಕಿದರೂ ಪರೋಕ್ಷವಾಗಿ ಸಿಕ್ಕೀತು. ಉಳಿದವರು ಮೊದಲು ಜೇಮ್ಸ್ ಕ್ಯಾಂಬೆಲ್ ಸಂಪಾದಿಸಿದ ಮುಂಬಯಿ ಇಲಾಖೆಯ ಗ್ಯಾಝೆಟಿಯರ್ ನೋಡಬೇಕು. ಧಾರವಾಡದ ಸಂಪುಟ 22ನೆಯದು, 1884ರಲ್ಲಿ ಪ್ರಕಟವಾದದ್ದು. ಬೆಳಗಾವಿಯದು 21, ವಿಜಾಪುರದ್ದು 23. ಅದರಲ್ಲಿ ಊರುಗಳ ವರ್ಣನೆಯ ಕೊನೆಯಲ್ಲಿ ಶಾಲೆಯ ಉಲ್ಲೇಖವಿದ್ದರೆ, ಆ ಹೊತ್ತಿಗೆ ಶಾಲೆ ಇತ್ತೆಂಬುದು ಖಚಿತವಾಯಿತು. ಅಲ್ಲಿಂದ ಹಿಂದಕ್ಕೆ ಶಿಕ್ಷಣ ನಿರ್ದೇಶಕರ ವಾರ್ಷಿಕ ವರದಿಗಳನ್ನು ಒಂದೊಂದಾಗಿ ತಿರುವಿ, ಊರಿನ ಹೆಸರು ಮಾಯವಾಗುವ ವರ್ಷಕ್ಕೆ ಬಂದು ನಿಲ್ಲಬೇಕು. ಪುರಾಭಿಲೇಖಾಗಾರದಲ್ಲಿ ದಫ್ತರ ಇಲಾಖೆ, ವರ್ಷ, ಸಂಪುಟ ಎಂಬ ಕ್ರಮದಲ್ಲಿ ಕಟ್ಟಿಟ್ಟದ್ದರಿಂದ, ಊರಿನ ಹೆಸರು ಹೇಳಿ ಕೇಳಿದರೆ ಯಾರೂ ಏನೂ ತಂದುಕೊಡಲಾರರು. ವರ್ಷ ಗೊತ್ತಿದ್ದರೆ ಮಾತ್ರ ಹಾಳೆ ಕೈಗೆ ಬರುತ್ತದೆ. ಹೆಸರನ್ನು ಇಂಗ್ಲಿಷರು ಬರೆದ ಬಗೆಯಲ್ಲಿಯೇ ಹುಡುಕಬೇಕೆಂಬುದೂ ನೆನಪಿರಲಿ. ನಮ್ಮೂರಿನ ಹೆಸರನ್ನು ನಾನು ನಾಲ್ಕು ಕಾಗುಣಿತಗಳಲ್ಲಿ ಕಂಡಿದ್ದೇನೆ.

ಇಷ್ಟೆಲ್ಲ ಹೇಳಿದ ಮೇಲೆ ಸಭೆಯ ಹಿರಿಯರು, ಸಮಾರಂಭಕ್ಕೆ ಉಳಿದಿರುವ ಆರು ತಿಂಗಳಲ್ಲಿ ಇದೆಲ್ಲ ಯಾರಿಂದ ಆದೀತೆಂದು ಕೇಳಿದರು. ಅದಕ್ಕೆ ನನ್ನ ಬಳಿ ಸುಲಭದ ಉತ್ತರ ಒಂದಿತ್ತು. ಊರು ಬಿಟ್ಟು ಮುಂಬಯಿಗೆ ಬಂದವರು ಯಾರೇ ಇರಲಿ, ಗಿರಣಿಗೆ ಸೇರಲಿ, ಹೊಟೇಲಿನಲ್ಲಿ ದುಡಿದು ರಾತ್ರಿಶಾಲೆಗೆ ಹೋಗಲಿ, ಬ್ಯಾಂಕಿನ ಕೆಲಸ ಹಿಡಿಯಲಿ, ಹೊರಡುವಾಗ ಟ್ರಂಕಿನ ತಳದಲ್ಲಿ ಒಂದು ಕಾಗದ ತಂದಿದ್ದರು. ಅದು ಶಾಲೆ ಬಿಟ್ಟ ದಾಖಲೆ. ಅದರ ಮೇಲೆ ಜನರಲ್ ರಜಿಸ್ಟರಿನ ನಂಬರಿದೆ, ಸೇರಿದ ಮತ್ತು ಬಿಟ್ಟ ತಾರೀಖಿದೆ, ಆ ವರ್ಷ ಶಾಲೆಗಿದ್ದ ಹೆಸರು ಮತ್ತು ಶಿಕ್ಕೆ ಇದೆ. ಊರಿನ ಶಾಲೆಯಲ್ಲಿ ರಜಿಸ್ಟರು ಹಾಳಾಗಿದ್ದರೂ ಅದರ ತುಣುಕುಗಳು ಡೊಂಬಿವಲಿ, ಘಾಟಕೋಪರ, ವಡಾಳಾಗಳ ಕಪಾಟುಗಳಲ್ಲಿ ಚದುರಿ ಕುಳಿತಿವೆ. ತಂದೆಯದೂ ಅಜ್ಜನದೂ ಸಿಕ್ಕರೆ ತನ್ನಿರಿ, ಜಾತಿಯ ಮನೆಯನ್ನು ಮುಚ್ಚಿ ಝೆರಾಕ್ಸ್ ತೆಗೆಯೋಣ ಎಂದು ಹೇಳಿದೆ.

ಮುಂದಿನ ಸಭೆಗೆ ಹನ್ನೊಂದು ದಾಖಲೆಗಳು ಬಂದವು. ಮೇಜಿನ ಮೇಲೆ ರಜಿಸ್ಟರ್ ನಂಬರಿನ ಕ್ರಮದಲ್ಲಿ ಅವನ್ನು ಸಾಲಾಗಿ ಇಟ್ಟೆವು. ಕಲ್ಲಿನ ಮಾತೆತ್ತಿದ್ದ ಹಿರಿಯರು ತಮ್ಮ ತಂದೆಯ ದಾಖಲೆಯನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು, ಮಡಿಕೆ ಹರಿಯದಂತೆ ಎರಡೂ ಕೈಯಿಂದ ಬಿಡಿಸಿ, ಸಾಲಿನ ತುದಿಗೆ ಇಟ್ಟರು. ಅದರ ಶಾಯಿ ಕಂದಾಗಿತ್ತು, ಶಿಕ್ಕೆ ಅರ್ಧ ಅಳಿಸಿತ್ತು, ನಂಬರು ಮಾತ್ರ ಸ್ಪಷ್ಟವಾಗಿತ್ತು. ಸೇರಿದ ತಾರೀಖನ್ನು ಅವರು ಎರಡು ಸಲ ಓದಿಕೊಂಡರು. ಕಲ್ಲಿನ ಮೇಲಿನ ಇಸವಿಗಿಂತ ಅದು ಮೊದಲಿನದಾಗಿತ್ತು.